ಭಾವನ ಪೆಟ್ಟಿಗೆಯ ಕೆಂಪು ಗುಂಡಿ

ನೇಲ್‌ಕಟರ್ ಹುಡುಕಲೆಂದು ಮೇಜಿನ ಡ್ರಾಯರಿಗೆ ಕೈ ಹಾಕಿದರೆ ಅದೊಂದನ್ನು ಬಿಟ್ಟು ಪ್ರಪಂಚದಲ್ಲಿರುವುದೆಲ್ಲ ಸಿಗುತ್ತದೆ ಎನ್ನುವುದು ನಿಮ್ಮ ಅನುಭವವೂ ಆಗಿರಬಹುದು. ನಿನ್ನೆ ನನಗೆ ಮೊದಲು ಸಿಕ್ಕಿದ್ದು ಕೆಟ್ಟುಹೋದ ಟಾರ್ಚು, ಆಮೇಲೆ ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಬೀಗದ ಕೈ, ಕೊನೆಗೆ ಅಂಚು ಮುರಿದ ಒಂದು ಕೆಂಪು ಗುಂಡಿ. ಗುಂಡಿ ಎಂದರೆ ನಮ್ಮ ರಸ್ತೆಗಳಲ್ಲಿರುವುದಲ್ಲ. ಹಳೆಯ ರೇಡಿಯೋದಲ್ಲಿ ಕಿವಿ ಹಿಂಡಿದ ಹಾಗೆ ತಿರುಗಿಸುತ್ತಿದ್ದೆವಲ್ಲ, ಅಂಥದ್ದು. ಅದನ್ನು ಕೈಗೆತ್ತಿಕೊಂಡವನು ಉಗುರನ್ನು ಮರೆತು ಕುಳಿತುಬಿಟ್ಟೆ. ಯಾಕೆಂದರೆ ಇದು ನನ್ನ ಹೆಸರಿನ ಗುಂಡಿ. ವೃತ್ತಕ್ಕೆ, ಬಸ್ ತಂಗುದಾಣಕ್ಕೆ ಹೆಸರು ಕೊಟ್ಟವರು ಈ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಗುಂಡಿಗೆ ಹೆಸರಾದವನು ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ನಾನೊಬ್ಬನೇ.

ಇದರ ಕತೆ ಹೇಳಬೇಕಾದರೆ ಭಾವನ ಕತೆ ಹೇಳಬೇಕು. ಧರಣೇಂದ್ರ ನನ್ನ ತಂಗಿ ಸುಲೋಚನೆಯ ಗಂಡ. ಅದಕ್ಕಿಂತ ಮೊದಲು ನಾರಾವಿಯ ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನವನು. ಮದುವೆಯಾದ ಮೇಲೆ ಅವನಿಗೆ ಬಹುವಚನ ಕೊಡಬೇಕೆಂದು ಅಮ್ಮ ಕಟ್ಟಪ್ಪಣೆ ಮಾಡಿದ್ದರು. ಒಂದು ವಾರ ಕೊಟ್ಟು ನೋಡಿದೆ. ಅವನಿಗೇ ನಗು ತಡೆಯಲಾಗಲಿಲ್ಲ, ಹಾಗಾಗಿ ವಾಪಸು ತೆಗೆದುಕೊಂಡೆ.

ಶಾಲೆಯಲ್ಲಿ ಅವನ ಮೊದಲ ಮೃದಂಗ ನನ್ನ ಬೆನ್ನು. ಮಾಸ್ತರರು ಮಗ್ಗಿ ಹೇಳಿಸುವಾಗ ಹಿಂದಿನಿಂದ ಎರಡೂ ಕೈ ಬಾರಿಸುತ್ತಿದ್ದ. ಮನೆಯಲ್ಲಿ ಸ್ನಾನ ಮಾಡಿಸುವಾಗ ಅಮ್ಮ ಬೆನ್ನು ನೋಡಿ, "ಯಾವ ಮಾಸ್ಟ್ರು ಮಾರಾಯ ಹೀಗೆ ಹೊಡೆದದ್ದು?" ಎಂದು ಕೇಳಿ ಶಾಲೆಗೆ ಬರಲು ಹೊರಟಿದ್ದರು. ಮಧ್ಯಾಹ್ನದ ಉಪ್ಪಿಟ್ಟಿನ ದೊಡ್ಡ ಪಾತ್ರೆ ತೊಳೆಯಲು ಧರಣೇಂದ್ರ ಯಾವಾಗಲೂ ತಾನಾಗಿ ಮುಂದೆ ಬರುತ್ತಿದ್ದ. ಉಪ್ಪಿಟ್ಟು ಖಾಲಿಯಾದ ಆ ಪಾತ್ರೆಗೆ ಎಂಥ ನಾದವಿತ್ತೆಂದು ನನಗೆ ಮಾತ್ರ ಗೊತ್ತು. ಹೆಡ್‌ಮಾಸ್ತರರಿಗೆ ಗೊತ್ತಿರಲಿಲ್ಲ. ಅವರು ವಾರ್ಷಿಕೋತ್ಸವದಲ್ಲಿ ಅವನನ್ನು ವೇದಿಕೆಗೆ ಕರೆದು 'ಸೇವಾ ಮನೋಭಾವ'ಕ್ಕಾಗಿ ಒಂದು ಸೋಪಿನ ಡಬ್ಬಿ ಬಹುಮಾನ ಕೊಟ್ಟರು. ಬಹುಮಾನಕ್ಕೂ ಮಾಡಿದ ಕೆಲಸಕ್ಕೂ ಸಂಬಂಧ ಇರಬೇಕಾಗಿಲ್ಲ ಎನ್ನುವುದು ಅವನಿಗೆ ಅಷ್ಟು ಚಿಕ್ಕಂದಿನಲ್ಲೇ ತಿಳಿಯಿತು.

ಅವನ ಮದುವೆಯ ದಿನದ್ದೂ ಒಂದು ಉಂಟು. ಧಾರೆ ಎರೆಯುವಾಗ ವಧೂವರರ ಕೈ ಸೇರಿಸಿ ಹಿಡಿಸುತ್ತಾರಲ್ಲ, ಆಗ ವಾಲಗದವರ ಡೋಲು ಸ್ವಲ್ಪ ಅವಸರ ಮಾಡಿತಂತೆ. ಇವನಿಗೆ ತಡೆಯಲಿಲ್ಲ. ತೆಂಗಿನಕಾಯಿಯ ಕೆಳಗೆ ಸುಲೋಚನೆಯ ಅಂಗೈಯ ಮೇಲೆ ಬೆರಳಿನಿಂದ ಸರಿಯಾದ ತಾಳ ಹಾಕಲು ಶುರುಮಾಡಿದ. ಅವಳು ಗಂಡು ಹೆದರಿ ನಡುಗುತ್ತಿದ್ದಾನೆಂದು ತಿಳಿದು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಹಿಡಿತ ಇವತ್ತಿಗೂ ಸಡಿಲಾಗಿಲ್ಲ ಎಂದು ಭಾವ ಹೇಳುತ್ತಾನೆ.

ಮುಂದೆ ಅವನು ಅದನ್ನೇ ಕಸುಬು ಮಾಡಿಕೊಂಡ. ಬಂಟ್ವಾಳದ ಒಂದು ಆರ್ಕೆಸ್ಟ್ರಾದಲ್ಲಿ ತಬಲಾ, ಡೋಲಕ್, ಡ್ರಮ್ಸು ಎಲ್ಲ ಬಾರಿಸಿದ. ಮದುವೆಯ ರಿಸೆಪ್ಶನ್ನಿನಲ್ಲಿ ಬಾರಿಸುವುದೆಂದರೆ ದೊಡ್ಡ ತಪಸ್ಸು. ಊಟದ ಸಾಲು ಒಂದು ಕಡೆ, ಉಡುಗೊರೆಯ ಸಾಲು ಇನ್ನೊಂದು ಕಡೆ, ಎರಡು ಸಾಲಿನವರ ಬೆನ್ನೂ ಆರ್ಕೆಸ್ಟ್ರಾದ ಕಡೆ. ಒಮ್ಮೆ ಒಬ್ಬ ಹಿರಿಯರು ಇವನು ಬಾರಿಸುವುದನ್ನು ತುಂಬ ಹೊತ್ತು ಎದುರು ನಿಂತು ನೋಡಿದರಂತೆ. ಇವನಿಗೆ ಹುರುಪು ಬಂದು ಒಂದು ದೊಡ್ಡ ಮುಕ್ತಾಯ ಬಾರಿಸಿದ. ಅವರು ಹತ್ತಿರ ಬಂದು, "ಈ ಫ್ಯಾನನ್ನು ಸ್ವಲ್ಪ ಊಟದ ಕಡೆ ತಿರುಗಿಸ್ತೀರಾ?" ಎಂದು ಕೇಳಿದರು.

ಕೇಳದಿದ್ದರೂ ಸನ್ಮಾನಕ್ಕೆ ಏನೂ ಕಡಿಮೆಯಾಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಸನ್ಮಾನವಾಗದೆ ಸಾಯುವುದು ಕಷ್ಟ. ಎಚ್ಚರ ತಪ್ಪಿ ಯಾವುದಾದರೂ ಸಭಾಂಗಣದ ಮುಂದೆ ನಿಂತರೆ ಯಾರಾದರೂ ಒಳಗೆ ಎಳೆದುಕೊಂಡು ಹೋಗಿ ಶಾಲು ಹೊದೆಸುತ್ತಾರೆ. ಕುರ್ಚಿಯಲ್ಲಿ ಕೂರಿಸಿ, ತಲೆಗೆ ಪೇಟ ಇಟ್ಟು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟು, ಕೈಗೆ ಫಲಕ ಕೊಟ್ಟು, ಕ್ಯಾಮರಾದವನು "ಇನ್ನೊಮ್ಮೆ ಸಾರ್" ಎಂದರೆ ಎಲ್ಲವನ್ನೂ ತೆಗೆದು ಪುನಃ ಇಡುತ್ತಾರೆ. ಭಾವನ ಮನೆಯಲ್ಲಿ ಶಾಲುಗಳು ರಾಶಿ ಬಿದ್ದಿದ್ದವು. ಸುಲೋಚನೆ ಅವುಗಳನ್ನು ಫ್ರಿಜ್ಜಿಗೆ, ಟೀವಿಗೆ, ಮಿಕ್ಸಿಗೆ ಹೊದೆಸಿದ್ದಳು. ನಮ್ಮ ಊರಿನಲ್ಲಿ ಸನ್ಮಾನಿತ ಮಿಕ್ಸಿ ಇರುವ ಮನೆ ಅದೊಂದೇ ಇರಬೇಕು.

ಈಗ ನನ್ನ ವಿಷಯ. ನಾನು ಹಾಡುಗಾರ. ನಗಬೇಡಿ. ಹೊಟ್ಟೆಪಾಡಿಗೆ ಅಂಚೆ ಇಲಾಖೆಯಲ್ಲಿದ್ದೆ, ಬೆಳ್ತಂಗಡಿಯ ಕಡೆ ಪೋಸ್ಟ್‌ಮಾಸ್ತರನಾಗಿ ನಿವೃತ್ತನಾದೆ, ಹಾಗಾಗಿ ಊರಿಗೆಲ್ಲ ನಾನು ಮಾಸ್ಟ್ರು. ಕಾಗದಗಳಿಗೆ ಮುದ್ರೆ ಒತ್ತುವಾಗ ಶಾಯಿಗೆ ಒಂದು, ಕಾಗದಕ್ಕೆ ಒಂದು, ಶಾಯಿಗೆ ಒಂದು, ಕಾಗದಕ್ಕೆ ಒಂದು ಎಂದು ಒತ್ತಿ ಒತ್ತಿ ನನಗೆ ತಾಳ ರಕ್ತಗತವಾಗಿದೆ ಎಂಬ ನಂಬಿಕೆ ಬೆಳೆದಿತ್ತು. ಮೂಡುಬಿದಿರೆಯಲ್ಲಿ ಮನೆ ಮಾಡಿದ ಮೇಲೆ ನಮ್ಮ ಬಸದಿಯಲ್ಲಿ ಪ್ರತಿ ಶುಕ್ರವಾರ ಪದ್ಮಾವತಿ ಅಮ್ಮನ ಪೂಜೆಯ ಸಂಜೆ ಭಜನೆಗೆ ಹೋಗುತ್ತಿದ್ದೆ. ನಾನು ಹಾಡುವುದು, ಭಾವ ಮೃದಂಗ. "ಮಾಸ್ಟ್ರದ್ದು ಏನಿಲ್ಲದಿದ್ರೂ ತಾಳ ಗಟ್ಟಿ" ಎಂದು ಭಜನಾ ಮಂಡಳಿಯ ಅಧ್ಯಕ್ಷರು ಹೇಳುತ್ತಿದ್ದರು. 'ಏನಿಲ್ಲದಿದ್ರೂ' ಎಂಬ ಮಾತನ್ನು ನಾನು ಬೇಕೆಂದೇ ಕೇಳಿಸಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಭಾವನ ಬಲಗೈ ನೋಯತೊಡಗಿತು. ಮೊದಲು ಮಣಿಕಟ್ಟು, ಆಮೇಲೆ ಬೆರಳಿನ ಗೆಣ್ಣುಗಳು. ಎಣ್ಣೆ ತಿಕ್ಕಿದ್ದಾಯಿತು, ಪಟ್ಟಿ ಕಟ್ಟಿದ್ದಾಯಿತು. ಕೊನೆಗೆ ಡಾಕ್ಟರರು ಸುಲೋಚನೆಯ ಎದುರೇ ಹೇಳಿದರು: "ಇನ್ನು ಬಾರಿಸಬಾರದು. ಬೇರೆ ಎಂತ ಬೇಕಾದರೂ ಮಾಡಿ." ಬೇರೆ ಎಂತ ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ. ಸುಲೋಚನೆ ಅದೇ ದಿನ ಮೃದಂಗವನ್ನು ಅಟ್ಟಕ್ಕೆ ಹಾಕಿ ಏಣಿಯನ್ನು ಪಕ್ಕದ ಮನೆಗೆ ಕೊಟ್ಟಳು.

ಆ ದಿನಗಳಲ್ಲಿ ಭಾವನನ್ನು ನೋಡಲು ನನಗೆ ಸಂಕಟವಾಗುತ್ತಿತ್ತು. ಊಟ ಬಡಿಸಿದರೆ ಉಂಡ, ಇಲ್ಲದಿದ್ದರೆ ಇಲ್ಲ. ಜಗಲಿಯಲ್ಲಿ ಪೇಪರ್ ಹಿಡಿದುಕೊಂಡು ಕೂರುತ್ತಿದ್ದ, ಪುಟ ಮಾತ್ರ ಮಗುಚುತ್ತಿರಲಿಲ್ಲ. ಪೇಪರಿನ ಮೇಲೆ ಬೆರಳು ಸ್ವಲ್ಪ ಆಡಿದರೆ ಸಾಕು, ಅಡುಗೆಮನೆಯಿಂದ "ಕೇಳ್ತದೆ ನನಗೆ!" ಎಂದು ಕೂಗು ಬರುತ್ತಿತ್ತು. ಬೆರಳು ನಿಲ್ಲುತ್ತಿತ್ತು. ಶುಕ್ರವಾರ ಭಜನೆಗೆ ಬಂದರೆ ಗಂಡಸರ ಸಾಲಿನ ಕೊನೆಯಲ್ಲಿ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ. ಗಂಡಸು ಹೀಗೆ ಕರಗಿಹೋಗುವುದನ್ನು ನಾನು ನೋಡಿರಲಿಲ್ಲ.

ಆಗಲೇ ಅವನ ತಲೆಗೆ ಪೆಟ್ಟಿಗೆಯ ಯೋಚನೆ ಹೊಕ್ಕದ್ದು. ಫರಂಗಿಪೇಟೆಯಲ್ಲಿ ಹಮೀದನ ರಿಪೇರಿ ಅಂಗಡಿ ಉಂಟು. ಆರ್ಕೆಸ್ಟ್ರಾದ ಕಾಲದಿಂದ ಮೈಕು, ಸ್ಪೀಕರ್ ಕೆಟ್ಟರೆ ಭಾವ ಅಲ್ಲಿಗೇ ಹೋಗುವುದು. ಹಮೀದ ಗಲ್ಫಿನಲ್ಲಿ ಬಹಳ ವರ್ಷ ಇದ್ದು ಬಂದವನು. ದಮ್ಮಾಮಿನ ಯಾವುದೋ ಶೇಖನ ಮನೆಯ ಸ್ಪೀಕರನ್ನು ಸರಿಮಾಡಿದ ಕತೆಯನ್ನು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತಾನೆ. ಪ್ರತಿ ಸಲವೂ ಶೇಖನ ಮನೆ ಸ್ವಲ್ಪ ದೊಡ್ಡದಾಗುತ್ತದೆ. ಅವನ ಪ್ರಕಾರ ಜಗತ್ತಿನ ಎಲ್ಲ ಕಷ್ಟಕ್ಕೂ ಕಾರಣ ಒಂದೇ, ಲೂಸ್ ಕನೆಕ್ಷನ್. ಭಾವನ ಕೈಯನ್ನು ಹಿಡಿದು ನೋಡಿ ಅದಕ್ಕೂ ಅದನ್ನೇ ಹೇಳಿದ.

"ಹೊಡೆಯುದು ಬೇಡ ಅಲ್ಲವಾ ಧರಣಣ್ಣ? ಮುಟ್ಟಿದ್ರೆ ಸಾಕು, ಅಂಥಾದ್ದು ಮಾಡುವ. ಇರುವೆ ನಡೆದ್ರೂ ಧಿಂ ಅನ್ಬೇಕು."

"ಮುಟ್ಲಿಕ್ಕೂ ಬಿಡುದಿಲ್ಲ ಮಾರಾಯ ಅವಳು."

"ಹಾಗಾದ್ರೆ ನೀವು ಒಮ್ಮೆ ಇಲ್ಲಿ ಕೂತು ತಟ್ಟಿ ತುಂಬಿಸಿ. ಮತ್ತೆ ಅದೇ ಬಾರಿಸ್ಲಿ, ನೀವು ಸ್ವಿಚ್ ಹಾಕಿ ಕೂತ್ಕೊಳ್ಳಿ."

ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಬಲಾ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ಅದಕ್ಕೆ ನಮ್ಮ ಭಜನೆಯ ನಡೆ ಗೊತ್ತುಂಟಾ ಭಾವ?" ಎಂದು ಭಾವ ನನ್ನನ್ನೇ ತರಾಟೆಗೆ ತೆಗೆದುಕೊಂಡ. ಅಂತೂ ಹಾಳಾದ ಡಿವಿಡಿ ಪ್ಲೇಯರಿನ ಪೆಟ್ಟಿಗೆಯೊಳಗೆ ಏನೇನೋ ವಯರು ತುರುಕಿ, ಮೇಲೆ ತಟ್ಟಲು ನಾಲ್ಕು ರಬ್ಬರ್ ಬಿಲ್ಲೆ ಅಂಟಿಸಿ ಇಬ್ಬರೂ ಒಂದು ವಾದ್ಯ ಮಾಡಿದರು. ಬಿಲ್ಲೆಯನ್ನು ಬೆರಳ ತುದಿಯಿಂದ ಸೋಕಿದರೆ ಮೃದಂಗದ ಗಂಭೀರ ನಾದ. ಸ್ವಿಚ್ ಹಾಕಿದರೆ ಭಾವ ತುಂಬಿಸಿಟ್ಟ ತಾಳವನ್ನು ಅದೇ ಬಾರಿಸುತ್ತದೆ. ಸುಲೋಚನೆ ಪೆಟ್ಟಿಗೆಯನ್ನು ಸುತ್ತ ನೋಡಿ, "ಸ್ವಿಚ್ ಹಾಕುದು ಮಾತ್ರ. ಬಿಲ್ಲೆಗೆ ಕೈ ಹಾಕಿದ್ರೆ ಇದೂ ಅಟ್ಟಕ್ಕೆ" ಎಂದು ಒಪ್ಪಿಗೆ ಕೊಟ್ಟಳು.

ಬಸದಿಯಲ್ಲಿ ಉದ್ಘಾಟನೆ ಆಗಬೇಕೆಂದು ಅಧ್ಯಕ್ಷರು ಹಟ ಹಿಡಿದರು. ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಪೆಟ್ಟಿಗೆಯ ಚಿತ್ರ ಒಂದು ಮೂಲೆಯಲ್ಲಿ, ಭಾವನ ಚಿತ್ರ ಇನ್ನೊಂದು ಮೂಲೆಯಲ್ಲಿ, ನಡುವೆ ಅಧ್ಯಕ್ಷರು ಕೈ ಮುಗಿದು ನಿಂತಿದ್ದರು. ಭಾಷಣದಲ್ಲಿ ಅವರು, "ಇದು ಚರ್ಮವಿಲ್ಲದ ಮೃದಂಗ. ಅಹಿಂಸಾ ಮೃದಂಗ! ನಮ್ಮ ಹಿರಿಯರು ಕಂಡ ಕನಸು ಇಂದು ನನಸಾಯಿತು" ಎಂದರು. ನಮ್ಮ ಹಿರಿಯರು ತಲೆತಲಾಂತರದಿಂದ ಚರ್ಮದ ಮೃದಂಗವನ್ನೇ ಕೇಳಿ ತಲೆದೂಗಿದವರು, ಅವರಲ್ಲಿ ಯಾರೂ ಇಂಥ ಕನಸು ಕಂಡದ್ದು ನನಗೆ ಗೊತ್ತಿಲ್ಲ. ಆದರೆ ಆ ಕ್ಷಣದಲ್ಲಿ ಸಭೆಯಲ್ಲಿದ್ದ ಎಲ್ಲರಿಗೂ ಅಷ್ಟು ದಿನ ಸಹಿಸಿಕೊಂಡ ಹಿಂಸೆ ನೆನಪಾಯಿತು. ಬೆಲ್ಟು, ಪರ್ಸು ಹಾಕಿಕೊಂಡು ಬಂದವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು.

ಆಗ ಮುಂದಿನ ಸಾಲಿನ ಒಬ್ಬ ಅಜ್ಜ ಎದ್ದು, "ಆ ಕಪ್ಪು ಬಿಲ್ಲೆ ಎಂತದ್ದು?" ಎಂದು ಕೇಳಿದರು.

ಭಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅಥವಾ ಹಾಗೆಂದು ನಾನು ಆಗ ನಂಬಿದ್ದೆ. "ಹವಾಯಿ ಚಪ್ಪಲಿದ್ದು" ಎಂದುಬಿಟ್ಟ.

ಬಸದಿಯೊಳಗೆ ಚಪ್ಪಲಿ! ಅಧ್ಯಕ್ಷರು ಪೆಟ್ಟಿಗೆಯಿಂದ ಮೆಲ್ಲಗೆ ದೂರ ಸರಿದರು. ಭಾವ ಅವಸರದಿಂದ, "ಹೊಸದು! ಕಾಲಿಗೆ ಹಾಕಿದ್ದಲ್ಲ. ಅಂಗಡಿಯಿಂದ ತಂದು ನೇರ ಕತ್ತರಿಸಿದ್ದು" ಎಂದ.

"ಎಷ್ಟು ನಂಬ್ರದ್ದು?" ಎಂದು ಅಜ್ಜ ಕೇಳಿದರು. ಚಿಕ್ಕ ಮಕ್ಕಳ ಚಪ್ಪಲಿಯಾದರೆ ದೋಷ ಕಡಿಮೆ ಎಂದು ಅವರ ಲೆಕ್ಕ ಇರಬೇಕು.

ಅಲ್ಲೇ ಚರ್ಚೆ ಶುರುವಾಯಿತು. ಕಾಲಿಗೆ ಹಾಕುವ ಮೊದಲು ಚಪ್ಪಲಿ ಚಪ್ಪಲಿಯೇ ಅಲ್ಲ ಎಂದು ಕೆಲವರು, ಮಾಡುವಾಗಲೇ ಕಾಲಿಗೆಂದು ಸಂಕಲ್ಪ ಮಾಡಿ ಮಾಡಿದ್ದಲ್ಲವಾ ಎಂದು ಕೆಲವರು. ಅಷ್ಟು ಹೊತ್ತೂ ಚಪ್ಪಲಿಗಳು ಮಾತ್ರ ಯಾವ ತಕರಾರೂ ಇಲ್ಲದೆ ಹೊರಗೆ ಮೆಟ್ಟಲಿನ ಹತ್ತಿರ ಬಿದ್ದುಕೊಂಡಿದ್ದವು. ಕೊನೆಗೆ ಅಭಿಷೇಕದ ಗಂಧೋದಕ ಚಿಮುಕಿಸಿದರೆ ಶುದ್ಧವಾಗುತ್ತದೆ ಎಂದು ತೀರ್ಮಾನವಾಯಿತು. ಅರ್ಚಕರು ಚಪ್ಪಲಿಯ ದೋಷ ದೊಡ್ಡದೆಂದು ಧಾರಾಳವಾಗಿಯೇ ಚಿಮುಕಿಸಿದರು. ಪೆಟ್ಟಿಗೆ "ಗೊರ್ರ್" ಎಂದಿತು, ಸ್ವಲ್ಪ ಹೊಗೆ ಬಂತು, ಶುದ್ಧವಾಗಿ ಸತ್ತುಹೋಯಿತು.

"ನೀರು ಹಾಕ್ತಾರಾ ಅದಕ್ಕೆ?" ಎಂದು ಮರುದಿನ ಹಮೀದ ಹಣೆ ಚಚ್ಚಿಕೊಂಡ. "ಎಷ್ಟು ಪುಣ್ಯದ ನೀರಾದ್ರೂ ಕರೆಂಟಿಗೆ ಗೊತ್ತಾಗುದಿಲ್ಲ ಮಾಸ್ಟ್ರೇ." ಆಮೇಲೆ ಬೆಳ್ತಂಗಡಿಯ ಕಡೆಯ ರಬ್ಬರ್ ತೋಟದಿಂದ ಹಸಿ ಶೀಟು ತರಿಸಿ, ಮುಂದೆ ಯಾವ ಚಪ್ಪಲಿಯೂ ಆಗುವ ಮೊದಲೇ ಅದನ್ನು ಬಿಲ್ಲೆ ಮಾಡಿದರು. ಇನ್ನು ಯಾರೂ ಭಕ್ತಿಯಿಂದ ನೀರು ಹಾಕದಿರಲಿ ಎಂದು ಪೆಟ್ಟಿಗೆಗೆ ಯಾವಾಗಲೂ ಒಂದು ಸನ್ಮಾನದ ಶಾಲು ಹೊದೆಸುವುದೆಂದು ಭಾವ ನಿಯಮ ಮಾಡಿದ. ಆ ಶಾಲನ್ನು ನೆನಪಿಡಿ.

ಮುಂದಿನ ಶುಕ್ರವಾರ ಪೆಟ್ಟಿಗೆ ನಿಜವಾಗಿ ಬಾರಿಸಿತು. ಮೊದಲ ಹಾಡು ನನ್ನದು. ಅಯ್ಯೋ, ಆ ಸಂಜೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ! ಪಲ್ಲವಿ ಹೇಗೋ ದಾಟಿತು. ಚರಣಕ್ಕೆ ಬಂದಾಗ ನಾನು ನನ್ನ ಅಭ್ಯಾಸದಂತೆ ಭಕ್ತಿಯಿಂದ ಒಂದು ಕಡೆ ಸ್ವಲ್ಪ ಎಳೆದೆ. ಪೆಟ್ಟಿಗೆ ಕಾಯಲಿಲ್ಲ. ಹಿಡಿಯಲು ಓಡಿದೆ, ಅದನ್ನೂ ದಾಟಿ ಮುಂದೆ ಹೋದೆ. ಹೆಂಗಸರ ಸಾಲು ಪೆಟ್ಟಿಗೆಯ ಜೊತೆ ಹೋಯಿತು, ಗಂಡಸರು ನನ್ನ ಮರ್ಯಾದೆಗೆ ನನ್ನ ಜೊತೆ ಬಂದರು, ಅಧ್ಯಕ್ಷರು ನಡುವೆ ಎಲ್ಲಿಯೋ ಕಳೆದುಹೋದರು. ನಾನು ಹಾಡಿ ಮುಗಿಸಿ ನೀರು ಕುಡಿದೆ. ಅದು ಇನ್ನೂ ಏನೂ ಆಗದವರ ಹಾಗೆ ಬಾರಿಸುತ್ತಿತ್ತು.

"ಯಂತ್ರದ ತಾಳ ತಪ್ಪಿದೆ" ಎಂದೆ ನಾನು.

ಎಲ್ಲರೂ ಒಟ್ಟಿಗೆ ಭಜನೆ ಪುಸ್ತಕದಲ್ಲಿ ಮುಂದಿನ ಹಾಡು ಹುಡುಕತೊಡಗಿದರು. ಆಗ ನನಗೆ ತಿಳಿಯಿತು. ಅಷ್ಟು ವರ್ಷ ನಾನು ಎಳೆದರೆ ಭಾವ ಎಳೆದಿದ್ದ, ನಾನು ಓಡಿದರೆ ಓಡಿದ್ದ, ನಾನು ಎಡವಿ ಬೀಳುವಲ್ಲಿ ಮೃದಂಗದಲ್ಲಿ ಒಂದು ಚಂದದ ಮುಕ್ತಾಯ ಹಾಕಿ ನಾನು ಬೇಕೆಂದೇ ಅಲ್ಲಿ ನಿಲ್ಲಿಸಿದ್ದೆಂದು ಜನ ನಂಬುವ ಹಾಗೆ ಮಾಡಿದ್ದ. ತಾಳ ಗಟ್ಟಿ ಇದ್ದದ್ದು ಅವನದು. ನನ್ನದು ಮುದ್ರೆ ಒತ್ತುವ ತಾಳ. ಶಾಯಿ ಮುಗಿದರೂ ಒತ್ತುವವನ ತಾಳ.

ನನ್ನೊಬ್ಬನದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಒಬ್ಬೊಬ್ಬರದೂ ಹೊರಗೆ ಬಿತ್ತು. ಅಧ್ಯಕ್ಷರು ಯಾರಾದರೂ ಗಣ್ಯರು ಬಾಗಿಲಲ್ಲಿ ಕಂಡರೆ ವೇಗ ಹೆಚ್ಚಿಸುತ್ತಾರೆ. ಕಾರ್ಯದರ್ಶಿಗಳು ಪ್ರಸಾದದ ಪರಿಮಳ ಬಂದರೆ ಚರಣವನ್ನೇ ನುಂಗುತ್ತಾರೆ. ಎರಡು ಮೂರು ಶುಕ್ರವಾರ ಕಳೆಯುವಷ್ಟರಲ್ಲಿ ಎಲ್ಲರಿಗೂ ಗಂಟಲು ನೋವು ಬಂತು. "ನೀವು ಹಾಡಿ", "ಛೆ ಛೆ, ನೀವು ಹಾಡಿ" ಎಂದು ಹೇಳುವುದರಲ್ಲೇ ಭಜನೆಯ ಹೊತ್ತು ಮುಗಿಯತೊಡಗಿತು. ಪೆಟ್ಟಿಗೆ ಮಾತ್ರ ತಾನೊಂದೇ ಶುದ್ಧವಾಗಿ ಬಾರಿಸಿಕೊಂಡಿರುತ್ತಿತ್ತು.

ಆದರೆ ಪೆಟ್ಟಿಗೆಯ ಕೀರ್ತಿ ಹಬ್ಬಿತು. ಒಂದು ಕಾಲೇಜಿನವರು ತಮ್ಮ ಆವಿಷ್ಕಾರ ಮೇಳಕ್ಕೆ ಭಾವನನ್ನು ಕರೆದರು. ನಾನೂ ಜೊತೆಗೆ ಹೋಗಿದ್ದೆ. ದೊಡ್ಡ ವೇದಿಕೆ, ರಾಜ್ಯದ ಎಲ್ಲ ಕಡೆಯ ಮಕ್ಕಳು, ಬಣ್ಣಬಣ್ಣದ ದೀಪ. ಭಾವನಿಗೆ ಶಾಲು, ಪೇಟ, ಬುಟ್ಟಿ, ಫಲಕ ಎಲ್ಲ ಆಯಿತು. ಅವನು ಬಲಗೈ ಬೆರಳನ್ನು ನೀವಿಕೊಳ್ಳುತ್ತಾ ಪೆಟ್ಟಿಗೆಯ ಕಡೆ ಹೊರಟ. ನಿರೂಪಣೆ ಮಾಡುತ್ತಿದ್ದ ಹುಡುಗಿ, "ಸರ್, ನೀವು ಮುಂದಿನ ಸಾಲಿನಲ್ಲಿ ಕೂತ್ಕೊಳ್ಳಿ, ಅದು ಆಟೋಮ್ಯಾಟಿಕ್ ಅಲ್ವಾ?" ಎಂದು ನಗುತ್ತಾ ಕೈ ಹಿಡಿದು ಕೆಳಗಿಳಿಸಿದಳು. ಯಾರೋ ಸ್ವಿಚ್ ಹಾಕಿದರು. ಪೆಟ್ಟಿಗೆ ಬಾರಿಸಿತು, ಮಕ್ಕಳು ಕುಣಿದರು. ಭಾವ ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೇಳಿದ.

ಇಬ್ಬರೂ ಬಸ್‌ಸ್ಟ್ಯಾಂಡಿಗೆ ಬಂದೆವು. ಅಲ್ಲಿ ಬೆಂಚಿನಲ್ಲಿ ಕುಳಿತ ಮೇಲೆ, "ಭಾವ, ಅದರೊಳಗೆ ಇರುವುದು ನನ್ನ ಕೈಯೇ ಅಲ್ಲವಾ? ಮತ್ತೆ ನಾನು ಯಾಕೆ ಹೊರಗೆ?" ಎಂದ. ಬುಟ್ಟಿಯ ಪ್ಲಾಸ್ಟಿಕ್ ಹರಿದು ಒಂದು ಕಿತ್ತಳೆ ಸುಲಿದುಕೊಟ್ಟೆ. ಅದು ಹುಳಿ ಇತ್ತು.

ಅದಾದ ಮೇಲೆ ಅವನು ಕೆಲವು ದಿನ ಫರಂಗಿಪೇಟೆಯಲ್ಲೇ ಬಿದ್ದುಕೊಂಡ. ಮುಂದಿನ ಶುಕ್ರವಾರ ಪೆಟ್ಟಿಗೆ ಬಂದಾಗ ಅದರ ಎಡಬದಿಯಲ್ಲಿ ಈ ಕೆಂಪು ಗುಂಡಿ ಇತ್ತು. ಕೆಳಗೆ ಹಮೀದನ ಅಕ್ಷರದಲ್ಲಿ 'ಮಾಸ್ಟ್ರ ಗುಂಡಿ' ಎಂದು ಬರೆದಿತ್ತು. ಭಾವ ಎಲ್ಲರಿಗೂ ವಿವರಿಸಿದ. ಇದು ಹಾಡುವವರ ಹಿಂದೆ ಹೋಗುವ ಗುಂಡಿ. ಹಾಡುವವರು ಎಳೆದರೆ ಇದನ್ನು ಹಿಂದಕ್ಕೆ ತಿರುಗಿಸುವುದು, ಓಡಿದರೆ ಮುಂದಕ್ಕೆ. ಆದರೆ ಹಾಡುವವರನ್ನು ಬಲ್ಲವರೇ ಹತ್ತಿರ ಕುಳಿತು ತಿರುಗಿಸಬೇಕು. ಹಾಗಾಗಿ ಇನ್ನು ಮುಂದೆ ತಾನು ಎಡಗೈಯನ್ನು ಗುಂಡಿಯ ಮೇಲೆ ಇಟ್ಟು ಪೆಟ್ಟಿಗೆಯ ಹಿಂದೆಯೇ ಕೂರುತ್ತೇನೆ ಎಂದ.

"ಬಲಗೈ ಶಾಲಿನೊಳಗೆ ಯಾಕೆ?" ಎಂದು ಹೆಂಗಸರ ಸಾಲಿನಿಂದ ಸುಲೋಚನೆ ಕೇಳಿದಳು.

"ಒಂದು ವಯರ್ ಅದುಮಿ ಹಿಡೀಬೇಕು. ಲೂಸ್ ಕನೆಕ್ಷನ್" ಎಂದ ಭಾವ. ಹಮೀದನ ಬೆಸುಗೆಯನ್ನು ಬಲ್ಲ ಯಾರಿಗೂ ಇದರಲ್ಲಿ ಅನುಮಾನ ಬರಲಿಲ್ಲ.

ನಾನು ಹೆದರುತ್ತಾ ಹಾಡಿದೆ. ಚರಣದಲ್ಲಿ ಎಳೆದೆ. ಆಹಾ! ಪೆಟ್ಟಿಗೆಯೂ ಎಳೆಯಿತು. ಓಡಿದೆ, ಓಡಿತು. ನಾನು ಎಡವಿದಲ್ಲಿ ಅದು ಹಿಂದಿನ ಹಾಗೆಯೇ ಚಂದದ ಒಂದು ಮುಕ್ತಾಯ ಹಾಕಿ ನನ್ನ ಮಾನ ಕಾಯಿತು. "ಮಾಸ್ಟ್ರದ್ದು ತಾಳ ಗಟ್ಟಿ" ಎಂದರು ಅಧ್ಯಕ್ಷರು, ಈ ಸಲ 'ಏನಿಲ್ಲದಿದ್ರೂ' ಎನ್ನಲಿಲ್ಲ. ಎಲ್ಲರ ಗಂಟಲು ನೋವೂ ಒಂದೇ ದಿನ ವಾಸಿಯಾಯಿತು. ಸುದ್ದಿ ತಿಳಿದು ನೆರೆಯೂರಿನ ಮಂಡಳಿಗಳವರೂ 'ಮಾಸ್ಟ್ರ ಗುಂಡಿ ಇರುವ ಪೆಟ್ಟಿಗೆ'ಯನ್ನೇ ಕೇಳತೊಡಗಿದರು. ಅಂದರೆ ತಾಳ ತಪ್ಪುವವರು ನಾವು ಮಾತ್ರವಲ್ಲ ಎಂದಾಯಿತು. ಪೆಟ್ಟಿಗೆಯ ಜೊತೆ ಗುಂಡಿ ತಿರುಗಿಸಲು ಭಾವನನ್ನೂ ಕರೆಯಲೇಬೇಕು. ಅವನು ಮತ್ತೆ ಮೊದಲಿನಂತಾದ. ಬಡಿಸಿದ್ದನ್ನು ಉಂಡು, ಬಡಿಸದ್ದನ್ನು ಕೇಳಿ ಹಾಕಿಸಿಕೊಂಡು ಉಂಡ. ಹಮೀದನ ಅಂಗಡಿಯಲ್ಲಿ ಶೇಖನ ಮನೆಯ ಕತೆ ಹಿಂದಕ್ಕೆ ಹೋಗಿ ಗುಂಡಿಯ ಕತೆ ಮುಂದೆ ಬಂತು. "ಪೊಕ್ಕಡೆ ಅಲ್ಲ, ಸುಮ್ಮನೆ ಹೇಳುದಲ್ಲ, ಅದು ನನ್ನ ಡಿಸೈನು" ಎಂದು ಅವನು ಹೇಳುವಾಗ ಅವನ ಮುಖದಲ್ಲಿ ಒಂದು ನಗು ಇರುತ್ತಿತ್ತು. ಅದು ಹೆಮ್ಮೆಯದೆಂದು ನಾನು ತಿಳಿದಿದ್ದೆ.

ನನಗಂತೂ ಆ ಗುಂಡಿಯ ಮೇಲೆ ಮಮಕಾರ ಬೆಳೆಯಿತು. ನನ್ನ ಹೆಸರಿನದ್ದು, ಒಮ್ಮೆಯಾದರೂ ನಾನೇ ತಿರುಗಿಸಬೇಡವೇ? ಒಂದು ಶುಕ್ರವಾರ ಭಾವನ ಮನೆಗೆ ಬೇಗ ಹೋದೆ. ಅವನು ಬಸದಿಗೆ ಹೊರಡಲು ಸ್ನಾನಕ್ಕೆ ಹೋಗಿದ್ದ. ಪೆಟ್ಟಿಗೆ ಜಗಲಿಯಲ್ಲಿ ಶಾಲು ಹೊದ್ದು ಕುಳಿತಿತ್ತು. ಗುಂಡಿಗೆ ಕೈ ಹಾಕಿದೆ, ತಿರುಗಲಿಲ್ಲ. ತುಕ್ಕು ಹಿಡಿದಿರಬೇಕೆಂದು ಸ್ವಲ್ಪ ಗಟ್ಟಿಯಾಗಿ ತಿರುವಿದೆ. ಟಪ್ಪೆಂದು ಅಂಚು ಮುರಿದು ಗುಂಡಿ ಕೈಗೇ ಬಂತು.

ಕೆಟ್ಟೆನಪ್ಪಾ ಎಂದು ಅದು ಇದ್ದ ಜಾಗವನ್ನು ನೋಡಿದರೆ ಅಲ್ಲಿ ತೂತಿಲ್ಲ, ವಯರಿಲ್ಲ, ಏನೂ ಇಲ್ಲ. ಒಣಗಿದ ಅಂಟಿನ ಗುರುತು ಮಾತ್ರ. ಶಾಲನ್ನೆತ್ತಿ ನೋಡಿದೆ. ಬಲಗಡೆಯ ಎರಡು ಬಿಲ್ಲೆಗಳು ಬೆರಳು ಆಡಿ ಆಡಿ ನುಣುಪಾಗಿ ಹೊಳೆಯುತ್ತಿದ್ದವು. ಅದುಮಿ ಹಿಡಿಯುವ ವಯರೂ ಇರಲಿಲ್ಲ. ಶಾಲಿನ ಕೆಳಗೆ ಭಾವ ಬಾರಿಸುತ್ತಿದ್ದ, ಅಷ್ಟೆ! ನನ್ನ ಹಿಂದೆ ಬಂದದ್ದು ಯಂತ್ರವಲ್ಲ, ಅವನ ನೋಯುವ ಕೈ.

ಗುಂಡಿ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತಿದ್ದೆ. ಹ್ಞಾಂ, ಅಡುಗೆಮನೆಯ ಬಾಗಿಲಲ್ಲಿ ಸುಲೋಚನೆ! ನಾನು ಕೈಯನ್ನು ಹಿಂದೆ ಅಡಗಿಸಿದೆ. ಅವಳಿಗೆ ಗೊತ್ತಾದರೆ ಪೆಟ್ಟಿಗೆ ಅಟ್ಟ ಸೇರುತ್ತದೆ, ಭಾವ ಪುನಃ ಪೇಪರ್ ಹಿಡಿದು ಕೂರುತ್ತಾನೆ. ಸುಳ್ಳು ಹುಡುಕಿದೆ, ಒಂದೂ ಸಿಗಲಿಲ್ಲ.

"ಪುನಃ ಬಿತ್ತಾ?" ಎಂದಳು ಅವಳು. "ಮೊನ್ನೆ ಧೂಳು ಒರೆಸುವಾಗ ಬಿದ್ದದ್ದನ್ನು ನಾನೇ ಅಂಟಿಸಿದ್ದು. ಕೊಡು ಇಲ್ಲಿ, ಅವರು ಬರುವ ಮೊದ್ಲು."

"ನಿನಗೆ ಗೊತ್ತುಂಟಾ?"

"ಶಾಲು ಒಗೆಯುವವಳು ನಾನಲ್ವಾ ಅಣ್ಣ? ಒಳಗಿನ ಬದಿ ಬೆರಳು ತಾಗಿ ಜಾಳುಜಾಳಾಗಿದೆ."

"ಮತ್ತೆ ಡಾಕ್ಟ್ರು?"

"ಕೇಳಿದ್ದೇನೆ. ಬಿಲ್ಲೆಯನ್ನೂ ತೋರಿಸಿದ್ದೇನೆ. ಅಷ್ಟು ಮೆಲ್ಲಗೆ ಮುಟ್ಟುದಾದ್ರೆ ಮುಟ್ಲಿ ಅಂದ್ರು."

ನನಗೆ ಸಿಟ್ಟೇ ಬಂತು. "ಹಾಗಾದ್ರೆ ಅವನಿಗೆ ಹೇಳಬಾರದಾ ಮಾರಾಯ್ತಿ? ಪಾಪ, ಕಳ್ಳನ ಹಾಗೆ ಶಾಲಿನೊಳಗೆ ಕೈ ಹಾಕಿ..."

"ನಿನಗೆ ಅವರು ಗೊತ್ತಿಲ್ವಾ? ಆಗ್ತದೆ ಅಂತ ಹೇಳಿದ್ರೆ ನಾಳೆಯೇ ಏಣಿ ತಂದು ಮೃದಂಗ ಇಳಿಸ್ತಾರೆ. ಕೈ ಮುರಿಯುವವರೆಗೆ ಬಾರಿಸ್ತಾರೆ. ಕದ್ದು ನುಡಿಸುದಾದ್ರೆ ಮೆಲ್ಲಗೆ ನುಡಿಸ್ತಾರೆ."

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಅಂಚು ಮುರಿದ ಗುಂಡಿ ಎಷ್ಟು ಅಂಟು ಹಚ್ಚಿದರೂ ನಿಲ್ಲಲಿಲ್ಲ. ಸುಲೋಚನೆ ಒಳಗೆ ಓಡಿ ಬಾಣಲೆಯ ಮುಚ್ಚಳ ತಂದು, ಅದರ ತಲೆಯ ಕಪ್ಪು ಗುಂಡಿಯನ್ನು ಬಿಚ್ಚಿ ಪೆಟ್ಟಿಗೆಗೆ ಅಂಟಿಸಿ ಒತ್ತಿ ಹಿಡಿದಳು. ನಾನು ಕೆಂಪು ಗುಂಡಿಯನ್ನು ಜೇಬಿಗೆ ಹಾಕಿಕೊಂಡೆ. ಭಾವ ತಲೆ ಒರೆಸುತ್ತಾ ಬರುವಾಗ ಶಾಲು ಪೆಟ್ಟಿಗೆಯ ಮೇಲಿತ್ತು. ಅಣ್ಣ ತಂಗಿ ಇಬ್ಬರೂ ತೆಂಗಿನಕಾಯಿಯ ಬೆಲೆಯ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದೆವು.

ಬಸದಿಯಲ್ಲಿ ಅವನು ಪೆಟ್ಟಿಗೆಯ ಹಿಂದೆ ಕುಳಿತು ಎಡಗೈಯನ್ನು ಗುಂಡಿಯ ಮೇಲಿಟ್ಟ. ಇಟ್ಟ ಕೈ ಅಲ್ಲೇ ನಿಂತಿತು. ಬಗ್ಗಿ ನೋಡಿದ. ದಿನಾ ಪಲ್ಯ ಬಡಿಸಿಕೊಳ್ಳಲು ಎತ್ತುವ ಮುಚ್ಚಳದ ಗುಂಡಿ ಅವನಿಗೆ ಗುರುತು ಸಿಗದಿರುತ್ತದೆಯೇ? ಮೊದಲು ನನ್ನನ್ನು ನೋಡಿದ, ನಾನು ತೀರ್ಥಂಕರರನ್ನು ನೋಡಿದೆ. ಆಮೇಲೆ ಹೆಂಗಸರ ಸಾಲಿನ ಕಡೆ ನೋಡಿದ. ಸುಲೋಚನೆ ಸೆರಗು ಸರಿಮಾಡಿಕೊಳ್ಳುತ್ತಾ ತಲೆ ಎತ್ತಲೇ ಇಲ್ಲ. ಈಗ ಎದ್ದು ಏಣಿ ಕೇಳಲು ಹೋಗುತ್ತಾನೋ ಎಂದುಕೊಂಡೆ.

ಅಷ್ಟರಲ್ಲಿ ಅಧ್ಯಕ್ಷರು, "ಎಂತ ಧರಣೇಂದ್ರರೇ, ಗುಂಡಿ ಬದಲಾಯಿಸಿದ್ದಾ?" ಎಂದು ಕೇಳಿದರು.

ಭಾವ ಪೆಟ್ಟಿಗೆಯ ಶಾಲನ್ನು ಸರಿಮಾಡಿದ. "ಹೌದು, ಹೊಸದು. ಮನೆಯವಳು ಹುಡುಕಿ ಕೊಟ್ಟದ್ದು. ಮೊದಲಿನದಕ್ಕಿಂತ ನಯವಾಗಿ ತಿರುಗ್ತದೆ" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ನಾನು ಹಾಡಿದೆ. ಎಳೆಯುವಲ್ಲಿ ಎಳೆದೆ, ಎಡವುವಲ್ಲಿ ಎಡವಿದೆ. ಶಾಲು ಒಂದು ಚೂರು ಅಲುಗದಷ್ಟು ಮೆಲ್ಲಗೆ ಪೆಟ್ಟಿಗೆ ನನ್ನ ಹಿಂದೆಯೇ ಬಂತು. ಮುಗಿದ ಮೇಲೆ ಅಧ್ಯಕ್ಷರು ತಲೆದೂಗುತ್ತಾ ಪಕ್ಕದವರಿಗೆ ಹೇಳಿದರು: "ಹೊಸ ಗುಂಡಿ ಅಲ್ಲವಾ? ವ್ಯತ್ಯಾಸ ಚೆನ್ನಾಗಿ ಕೇಳ್ತದೆ."